ಗಂಡ ಕಡಲಿಂದ ಬರಲಿಲ್ಲ, ಬೊಜ್ಜವೂ ಆಗಿಲ್ಲ: ಇಂಥ ಮನೆಗೆ ಎಂಥ ಕೌನ್ಸೆಲಿಂಗ್?

ಕೋಡಿಯ ಅಕ್ಕ (ಮಲ್ಪೆ ಬದಿ)

ಗೊತ್ತಿದ್ದವರು ಸ್ವಲ್ಪ ಹೇಳಿ. ನಾನು ಮೀನುಗಾರ ಹೆಂಗಸರ ಒಂದು ಸ್ವಸಹಾಯ ಗುಂಪಿನ ಲೆಕ್ಕ ಬರೆಯುವವಳು. ನಮ್ಮ ಗುಂಪಿನ ಒಬ್ಬಳ ಗಂಡ ಕಳೆದ ಆಟಿ ತಿಂಗಳ ಮಳೆಗಾಲದಲ್ಲಿ ನಾಡದೋಣಿಯಲ್ಲಿ ಹೋದವರು ವಾಪಸ್ ಬರಲಿಲ್ಲ. ಅಳಿವೆ ಬಾಗಿಲಲ್ಲಿ ದೋಣಿ ಮಗುಚಿತು. ಉಳಿದವರು ಈಜಿ ದಡ ಸೇರಿದರು, ಇವರು ಸಿಗಲೇ ಇಲ್ಲ. (ಹೊರಗಿನವರಿಗೆ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಆಗ ಹೋಗುವವರು ನಾಡದೋಣಿಯವರು, ಕಡಲು ಕೆಡುವುದೂ ಆವಾಗಲೇ.)

ಹೆಣ ಸಿಕ್ಕಿಲ್ಲ. ಬೊಜ್ಜ (ಉತ್ತರಕ್ರಿಯೆ) ಮಾಡಿ ಮುಗಿಸಬೇಕು, ಇಲ್ಲದಿದ್ದರೆ ಹೋದವನಿಗೂ ನೆಮ್ಮದಿಯಿಲ್ಲ, ಇದ್ದವರಿಗೂ ಇಲ್ಲ ಅಂತ ಅತ್ತೆಯ ಹಟ. ಕರಿಮಣಿ ತೆಗೆಯುವುದಿಲ್ಲ ಅಂತ ಇವಳ ಹಟ. ಒಂದೇ ಒಲೆಯಲ್ಲಿ ಅಡುಗೆ ಮಾಡುವ ಇಬ್ಬರು ಈಗ ಮಾತಾಡುವುದಿಲ್ಲ. ಹೈಸ್ಕೂಲಿಗೆ ಹೋಗುವ ಮಗ ನಡುವೆ ಸಿಕ್ಕಿಹಾಕಿಕೊಂಡಿದ್ದಾನೆ.

ನಾವು ಸುಮ್ಮನೆ ಕೂತಿಲ್ಲ. ಒಂದು ಸಂಸ್ಥೆಯವರು ಕೌನ್ಸೆಲರ್ ಕಳಿಸುತ್ತೇವೆ ಅಂದರು. ಬಂದರು. ಸಭಾಭವನದಲ್ಲಿ ಎಲ್ಲರನ್ನೂ ಕೂರಿಸಿ ‘ಧನಾತ್ಮಕ ಚಿಂತನೆ’ ಅಂತ ಭಾಷಣ, ಕಣ್ಣು ಮುಚ್ಚಿಸಿ ಉಸಿರಾಟ, ಕೊನೆಗೆ ಇವಳನ್ನೇ ಎದ್ದು ನಿಲ್ಲಿಸಿ ‘ನಡೆದದ್ದನ್ನು ಒಪ್ಪಿಕೊಂಡು ಮುಂದೆ ಹೋಗಬೇಕಮ್ಮ’ ಅಂದರು. ಫೋಟೋ ತೆಗೆದರು. ಅಲ್ಲಿಂದ ಮೇಲೆ ಅವಳು ಗುಂಪಿನ ಸಭೆಗೆ ಬರುವುದೂ ನಿಂತಿತು. ಮೀನಿನ ಬುಟ್ಟಿ ಮುಟ್ಟುವುದಿಲ್ಲ. ಒಬ್ಬ ಡಾಕ್ಟರು ನಿದ್ರೆ ಮಾತ್ರೆ ಬರೆದುಕೊಟ್ಟಿದ್ದಾರೆ, ಅದು ತಿಂಗಳುಗಟ್ಟಲೆ ನಡೆಯುತ್ತಾ ಇದೆ.

ನನ್ನ ಪ್ರಶ್ನೆ ಇಷ್ಟೆ. ಮಾತಿನಿಂದ ಮಾಡುವ ಚಿಕಿತ್ಸೆ ಅಂತ ನಿಜವಾಗಿ ಏನಾದರೂ ಉಂಟಾ, ಅಲ್ಲ ಇಷ್ಟೇನಾ ಅದು?

ಬಿಜೈ ರೂಟ್ ಬಸ್ (ಮಂಗಳೂರು)

ಬೇಸರದ ಸಂಗತಿ. ಆದರೆ ಒಂದು ಮಾತು ಮಾರಾಯ್ರೆ, ಕಡಲಿಗೆ ಹೋದವರು ಬಾರದೆ ಇರುವುದು ಇವತ್ತು ನಿನ್ನೆಯದಲ್ಲ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಯಾವ ಥೆರಪಿ ಇತ್ತು? ಅಕ್ಕಪಕ್ಕದವರು ಬಂದು ಕೂತುಕೊಳ್ಳುತ್ತಿದ್ದರು, ಗಂಜಿ ಬೇಯಿಸಿ ಕೊಡುತ್ತಿದ್ದರು, ಆಮೇಲೆ ಕೆಲಸಕ್ಕೆ ಎಬ್ಬಿಸಿಕೊಂಡು ಹೋಗುತ್ತಿದ್ದರು. ಕಾಲವೇ ಮದ್ದು.

ಮಣಿಪಾಲದಲ್ಲಿ ಮಳೆ

ನಾನು ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್. ಓದುತ್ತಾ ಇದ್ದೇನೆ. ಆ ಹೆಂಗಸನ್ನು ನೋಡದೆ ಅವರಿಗೆ ಇಂಥದ್ದೇ ಆಗಿದೆ ಅಂತ ಹೇಳಲಿಕ್ಕೆ ಬರುವುದಿಲ್ಲ, ಹೇಳಲೂಬಾರದು. ಆದರೆ ಅಕ್ಕ ಬರೆದದ್ದರಲ್ಲಿ ಮೂರು ವಿಷಯ ಬೇರೆ ಬೇರೆ ಮಾಡಿ ನೋಡಬೇಕು.

ಸಭಾಭವನದಲ್ಲಿ ನಡೆದದ್ದು ಚಿಕಿತ್ಸೆ ಅಲ್ಲ. ದುರಂತ ಆದಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಸಲ ಬಾಯಿಬಿಡಿಸುವ ‘ಡಿಬ್ರೀಫಿಂಗ್’ ಅಂತ ಒಂದು ಪದ್ಧತಿ ಇತ್ತು. 2010ರ ಮೇ 22ರಂದು ಬಜ್ಪೆಯಲ್ಲಿ ವಿಮಾನ ಬಿದ್ದು 158 ಜನ ತೀರಿಹೋದಂಥ ಸಂದರ್ಭದಲ್ಲಿ ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಕೊಕ್ರೇನ್ ವಿಮರ್ಶೆಯಲ್ಲಿ ಅಂಥ ಒಂದೇ ಸಲದ ಕೂಟದಿಂದ ಮುಂದಿನ ಆಘಾತ ತಪ್ಪುತ್ತದೆ ಅಂತ ಕಾಣಲಿಲ್ಲ. ಕೆಲವರಿಗೆ ಹಾನಿಯೂ ಆಗಬಹುದು ಅಂತ ಕಂಡಿತು. ಅದರ ಬದಲು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ತಂದಿತು. ಅದರಲ್ಲಿ ಇರುವುದು ನೋಡುವುದು, ಕೇಳಿಸಿಕೊಳ್ಳುವುದು, ಬೇಕಾದವರ ಜೊತೆ ಜೋಡಿಸುವುದು. ಊಟ ಆಯಿತಾ, ಮಕ್ಕಳು ಎಲ್ಲಿದ್ದಾರೆ, ರಾತ್ರಿ ಜೊತೆಗೆ ಯಾರಿದ್ದಾರೆ. ಬಸ್ಸಿನವರೆ, ನಿಮ್ಮ ಅಜ್ಜಿಯ ಗಂಜಿ ಹೆಚ್ಚುಕಡಿಮೆ ಅದೇ.

ಎರಡನೆಯದು ನಿದ್ರೆ ಮಾತ್ರೆ. ಬರೀ ಸಾವಿನ ದುಃಖಕ್ಕೆ ಅಂತ ನಿದ್ರೆ ಬರಿಸುವ ಬೆಂಜೋಡಯಜಪೀನ್ ಗುಂಪಿನ ಮಾತ್ರೆ ಕೊಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಇದನ್ನು ಓದಿದ ಕೂಡಲೇ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಮನೋವೈದ್ಯರ ಹತ್ತಿರ ಚೀಟಿ ತೋರಿಸಿ ಹಂತಹಂತವಾಗಿ ಇಳಿಸಬೇಕು.

ಮೂರನೆಯದೇ ಮುಖ್ಯ. ಹೆಣ ಸಿಗದ ಸಾವು ಬೇರೆಯದೇ ಜಾತಿ. ಅಮೆರಿಕದ ಪಾಲಿನ್ ಬಾಸ್ ಎಂಬ ಕುಟುಂಬ ಚಿಕಿತ್ಸಕಿ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಗಳನ್ನು ಹತ್ತಿರದಿಂದ ನೋಡಿದವರು. 2001ರ ಸೆಪ್ಟೆಂಬರ್ 11ರ ನಂತರ ನ್ಯೂಯಾರ್ಕಿನಲ್ಲಿ ಹೆಣ ಸಿಗದವರ ಕುಟುಂಬಗಳ ಜೊತೆಗೂ ಕೆಲಸ ಮಾಡಿದರು. ಅವರು ಗುರುತಿಸಿದ್ದು ‘ಅನಿಶ್ಚಿತ ನಷ್ಟ’, ಅಂದರೆ ಕಳೆದುಕೊಂಡೆವೋ ಇಲ್ಲವೋ ಅಂತ ಖಚಿತ ಆಗದ ನಷ್ಟ. ಇಲ್ಲಿ ‘ಒಪ್ಪಿಕೊಳ್ಳಿ’ ಅಂತ ಒತ್ತಾಯ ಮಾಡುವುದೇ ತಪ್ಪು ಚಿಕಿತ್ಸೆ. ಒಪ್ಪಿಕೊಳ್ಳಲಿಕ್ಕೆ ಎದುರಿಗೆ ಏನೂ ಇಲ್ಲ. ‘ಒಪ್ಪಿಕೊಂಡರೆ ನಾನೇ ಅವರನ್ನು ಕೊಂದ ಹಾಗೆ’ ಅಂತ ಹೆಂಡತಿಗೆ ಅನಿಸುತ್ತದೆ. ಬಾಸ್ ಅವರ ದಾರಿಯಲ್ಲಿ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲಿಕ್ಕೆ ಕಲಿಸುತ್ತಾರೆ: ಅವರು ಹೋಗಿರಬಹುದು, ಹೋಗದೆಯೂ ಇರಬಹುದು; ನಾನು ಕಾಯುತ್ತೇನೆ, ಕಾಯುತ್ತಲೇ ನಾಳೆ ಮೀನು ಮಾರಲಿಕ್ಕೂ ಹೋಗುತ್ತೇನೆ. ಮನೆಯವರೆಲ್ಲ ಒಟ್ಟಿಗೆ ಕೂರುತ್ತಾರೆ, ಆದರೆ ಎಲ್ಲರೂ ಒಂದೇ ತೀರ್ಮಾನಕ್ಕೆ ಬರಬೇಕೆಂದಿಲ್ಲ. ಅತ್ತೆಗೆ ಕ್ರಿಯೆ ಬೇಕಾದರೆ ಅತ್ತೆ ಮಾಡಲಿ, ಸೊಸೆಗೆ ಕರಿಮಣಿ ಬೇಕಾದರೆ ಇರಲಿ. ಒಬ್ಬರು ಗೆದ್ದು ಒಬ್ಬರು ಸೋಲುವ ವಿಷಯ ಅಲ್ಲ ಇದು ಅಂತ ಇಬ್ಬರಿಗೂ ಕಾಣುವವರೆಗೆ ಮಾತು ನಡೆಯುತ್ತದೆ. ಅದಕ್ಕೆ ಒಂದು ಮಧ್ಯಾಹ್ನದ ಭಾಷಣ ಸಾಲದು.

ಕೋಡಿಯ ಅಕ್ಕ

ಆ ಕೊನೆಯ ಭಾಗ ಎರಡು ಸಲ ಓದಿದೆ. ‘ನಾನೇ ಕೊಂದ ಹಾಗೆ’ ಅಂತ ಅವಳು ಹೆಚ್ಚುಕಡಿಮೆ ಅದೇ ಮಾತು ಹೇಳಿದ್ದಳು, ನಾವು ಯಾರೂ ಲಕ್ಷ್ಯ ಮಾಡಿರಲಿಲ್ಲ.

ಕುಂದಾಪ್ರದ್ ಮಾಣಿ

ಹ್ವಾಯ್ ಅಕ್ಕ, ಓದಿ ಹೊಟ್ಟಿ ಚುರ್ ಅಂತ್. ಸುವರ್ಣ ತ್ರಿಭುಜ ಬೋಟಿನ್ ಕಥಿ ನೆನ್ಪಾಯ್ತ್. 2018ರ್ ಡಿಸೆಂಬರಲ್ ಮಲ್ಪಿಂದ ಹೋದ್ ಬೋಟು, ಏಳ್ ಜನ. ಮರುವರ್ಷ ಮೇ ತಿಂಗ್ಳಲ್ ಮಾಲ್ವಣದ್ ಹತ್ರ ಕಡ್ಲಡಿಗ್ ನೌಕಾಪಡಿಯರಿಗ್ ಅವಶೇಷ ಸಿಕ್ತ್. ಅಷ್ಟ್ ತಿಂಗ್ಳ್ ಆ ಮನಿಯರ್ ಎಂತ ಅಂದ್ಕಂಡ್ ಇಪ್ಪುದ್? ದಿನಾ ಟೀವಿಯಂಗ್ ಒಂದೊಂದ್ ಸುದ್ದಿ.

ಮತ್ತೊಂದ್ ಕೇಂತೆ. ಈಜಿ ದಡ ಸೇರ್ದರ್ ಕಥಿ ಎಂತ? ಅವ್ರನ್ನ್ ಯಾರೂ ಕೇಂಬುದಿಲ್ಲ. ನಮ್ಮ್ ಬದಿಯಂಗ್ ಹಾಂಗ್ ಬದ್ಕಿ ಬಂದರ್ ಒಬ್ರ್ ಈಗ ದಿನಾ ಕುಡೂದೇ. ದೋಣಿ ಹತ್ತುದಿಲ್ಲ.

ಗುಮಾಸ್ತ (ಉಡುಪಿ)

ನಾನು ವಕೀಲರ ಆಫೀಸಿನಲ್ಲಿ ಕೆಲಸ ಮಾಡುವವ, ಮನಸ್ಸಿನ ಶಾಸ್ತ್ರ ಗೊತ್ತಿಲ್ಲ. ಆದರೆ ಆ ಹೆಂಗಸಿನ ಮಂಡೆಬೆಚ್ಚದಲ್ಲಿ ಅರ್ಧ ಕಾಗದಪತ್ರದ್ದು ಅಂತ ನನ್ನ ಅನುಮಾನ. ಕಾಣೆಯಾದವರ ವಿಷಯ ಹೀಗೆ: ಇದ್ದರೆ ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ 7 ವರ್ಷ ಸುದ್ದಿಯೇ ಇಲ್ಲದಿದ್ದರೆ ಸತ್ತರೆಂದು ಕಾನೂನು ಭಾವಿಸುತ್ತದೆ. ಅಲ್ಲಿಯವರೆಗೆ ಮರಣಪತ್ರಕ್ಕೆ ತೊಡಕು. ಮರಣಪತ್ರ ಇಲ್ಲದಿದ್ದರೆ ವಿಧವಾ ವೇತನ ಇಲ್ಲ, ವಿಮೆ ಇಲ್ಲ, ಬ್ಯಾಂಕಿನ ಖಾತೆ ಹಾಗೆಯೇ. ಸಾಲ ಮಾತ್ರ ಏಳು ವರ್ಷ ಕಾಯುವುದಿಲ್ಲ.

2017ರ ಓಖಿ ಚಂಡಮಾರುತದಲ್ಲಿ ಕಾಣೆಯಾದ ಮೀನುಗಾರರ ಕುಟುಂಬಗಳಿಗೆ ಕೇರಳ ಸರಕಾರ ಏಳು ವರ್ಷ ಕಾಯಿಸದೆ ಪರಿಹಾರ ಕೊಟ್ಟಿತು. ಅಂದರೆ ಸರಕಾರ ಮನಸ್ಸು ಮಾಡಿದರೆ ದಾರಿ ಉಂಟು. ನಮ್ಮಲ್ಲಿ ಮತ್ಸ್ಯ ಸಂಕಷ್ಟ ಪರಿಹಾರ ನಿಧಿ ಅಂತ ಇದೆ. ಠಾಣೆಯ ದೂರಿನ ಪ್ರತಿ, ಜೊತೆಯಲ್ಲಿದ್ದವರ ಹೇಳಿಕೆ ಹಿಡಿದುಕೊಂಡು ಮೀನುಗಾರಿಕೆ ಇಲಾಖೆಗೆ ಹೋಗಿ. ವಕೀಲರ ಖರ್ಚಿಗೆ ಹೆದರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ.

ಮತ್ತೆ, ‘ಒಪ್ಪಿಕೊಳ್ಳಮ್ಮ’ ಅಂತ ಒಬ್ಬರು, ‘ಏಳು ವರ್ಷ ಒಪ್ಪಿಕೊಳ್ಳಲಿಕ್ಕಾಗುವುದಿಲ್ಲಮ್ಮ’ ಅಂತ ಇನ್ನೊಬ್ಬರು! ಅವಳು ಯಾರ ಮಾತು ಕೇಳುವುದು?

ಬಿಜೈ ರೂಟ್ ಬಸ್

ಗುಮಾಸ್ತರು ಹೇಳಿದ್ದು ಸಮಾ. ಮೊದಲು ಹೊಟ್ಟೆ, ಆಮೇಲೆ ಮನಸ್ಸು.

ಮಣಿಪಾಲದಲ್ಲಿ ಮಳೆ

ಮೊದಲು, ಆಮೇಲೆ ಅಂತ ಅಲ್ಲ ಸರ್, ಎರಡೂ ಒಟ್ಟಿಗೇ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ‘ಪ್ರಾಬ್ಲೆಮ್ ಮ್ಯಾನೇಜ್‌ಮೆಂಟ್ ಪ್ಲಸ್’ ಅಂತ ಐದು ಭೇಟಿಯ ಒಂದು ಚಿಕಿತ್ಸಾಕ್ರಮ ಹೊರತಂದಿತು, ಕಷ್ಟದ ಪರಿಸ್ಥಿತಿಯಲ್ಲಿ ಇರುವವರಿಗೆಂದೇ. ಉಸಿರಿನ ಅಭ್ಯಾಸ, ನಿಂತುಹೋದ ಕೆಲಸವನ್ನು ಸಣ್ಣದಾಗಿ ಮತ್ತೆ ಶುರುಮಾಡುವುದು, ಜನರ ಆಸರೆ ಗಟ್ಟಿ ಮಾಡಿಕೊಳ್ಳುವುದು, ಇವುಗಳ ಜೊತೆಗೆ ಒಂದು ಭಾಗ ಪೂರ್ತಿ ವ್ಯಾವಹಾರಿಕ ಸಮಸ್ಯೆಯದ್ದೇ. ಎದುರಿಗಿರುವ ತಾಪತ್ರಯಗಳಲ್ಲಿ ಯಾವುದು ಬಗೆಹರಿಸಲಿಕ್ಕಾಗುತ್ತದೆ, ಯಾವುದು ಆಗುವುದಿಲ್ಲ ಅಂತ ಬೇರೆ ಮಾಡಿ, ಒಂದನ್ನು ಹಿಡಿದು, ಈ ವಾರ ಮಾಡುವ ಒಂದು ಹೆಜ್ಜೆ ನಿಶ್ಚಯಿಸುವುದು. ಇಲಾಖೆಗೆ ಅರ್ಜಿ ಬರೆಯುವುದೇ ಆ ವಾರದ ಹೆಜ್ಜೆ ಆಗಬಹುದು.

ಮಾಣಿಯವರು ಕೇಳಿದ್ದು ನನಗೆ ಬಹಳ ಮುಖ್ಯ ಅನಿಸಿತು. ಬದುಕಿ ಬಂದವನಿಗೆ ‘ನಾನ್ಯಾಕೆ ಉಳಿದೆ, ಅವನ ಕೈ ಯಾಕೆ ಬಿಟ್ಟೆ’ ಅನ್ನುವ ತಪ್ಪಿತಸ್ಥ ಭಾವ ಇರುತ್ತದೆ. ದೋಣಿ ಹತ್ತದೆ ಇರುವುದು, ರಾತ್ರಿ ಬೆಚ್ಚಿ ಏಳುವುದು, ಅಲೆಯ ಸದ್ದಿಗೆ ಎದೆ ಹೊಡೆದುಕೊಳ್ಳುವುದು ಇದ್ದರೆ ಅದು ಆಘಾತದ ನಂತರದ ಒತ್ತಡದ ಕಾಯಿಲೆ ಇರಬಹುದು. ಅದಕ್ಕೆ ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆ ಹಿಡಿದು ಮಾಡುವ ಮಾತಿನ ಚಿಕಿತ್ಸೆ), ಇಎಂಡಿಆರ್ (ಕಣ್ಣು ಆಡಿಸುತ್ತಾ ಆಘಾತದ ನೆನಪನ್ನು ಹಗುರ ಮಾಡುವುದು) ಎಂಬ ಚಿಕಿತ್ಸೆಗಳು ಇವೆ. ಇವಕ್ಕೆ ತರಬೇತಾದ ಕ್ಲಿನಿಕಲ್ ಸೈಕಾಲಜಿಸ್ಟೇ ಬೇಕು, ಗುಂಪಿನವರು ಮಾಡುವುದಲ್ಲ. ಕುಡಿತ ಅಲ್ಲಿ ಮದ್ದಾಗಿ ಒಳಗೆ ಬಂದಿರುತ್ತದೆ. ಕುಡಿತ ಮಾತ್ರ ಬಿಡಿಸಿ, ಅದರ ಕೆಳಗಿರುವ ಭಯ ಮುಟ್ಟದೆ ಬಿಟ್ಟರೆ ಮತ್ತೆ ಅಲ್ಲಿಗೇ ಬರುತ್ತಾರೆ.

ಜನಜಾಗೃತಿ ಅಭಿಮಾನಿ (ಬೆಳ್ತಂಗಡಿ)

ನಮ್ಮ ಕಡೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಯುತ್ತದೆ. ಎಷ್ಟೋ ಮನೆ ಉಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಬಿಟ್ಟವರದ್ದೇ ಗುಂಪು ಇರುತ್ತದೆ, ಅದೇ ಅದರ ಬಲ. ಆದರೆ ದಿನಾ ಕುಡಿಯುವವರು ಒಂದೇ ದಿನ ನಿಲ್ಲಿಸಿದರೆ ಕೈನಡುಕ, ಭ್ರಮೆ ಬರಬಹುದು. ಮೊದಲು ವೈದ್ಯರಿಗೆ ತೋರಿಸಿಯೇ ಸೇರಿಸಿ.

ಬೈಂದೂರಿನ ಆಶಾ

ನಾನು ಆಶಾ ಕಾರ್ಯಕರ್ತೆ. ಸರಕಾರಿ ದಾರಿ ಹೇಳುತ್ತೇನೆ, ಖರ್ಚಿಲ್ಲದ್ದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಎಲ್ಲ ಜಿಲ್ಲೆಯಲ್ಲಿಯೂ ಉಂಟು. ಮನೋಚೈತನ್ಯ ಅಂತ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಉಡುಪಿಯವರಾದರೆ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ, ಮಂಗಳೂರಿನವರಾದರೆ ವೆನ್‌ಲಾಕ್. ಹೋಗಲಿಕ್ಕೆ ಮನಸ್ಸಿಲ್ಲದವರು 14416ಕ್ಕೆ ಫೋನ್ ಮಾಡಬಹುದು, ಟೆಲಿ ಮಾನಸ್. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ನಮ್ಮ ಹತ್ತಿರ ಒಂಬತ್ತು ಪ್ರಶ್ನೆಯ ಒಂದು ಪಟ್ಟಿ ಬರುತ್ತದೆ, ಪಿಎಚ್‌ಕ್ಯೂ-9 ಅಂತ. ಎರಡು ವಾರದಲ್ಲಿ ಯಾವುದರಲ್ಲೂ ಮನಸ್ಸಿಲ್ಲದ ಹಾಗೆ ಆಯಿತಾ, ನಿದ್ರೆ, ಹಸಿವು, ಆ ರೀತಿ. ಅಂಕ ಹೆಚ್ಚು ಬಂದರೆ ಕಳಿಸುತ್ತೇವೆ. ಬಾಣಂತಿಯರಿಗೆ ಹತ್ತು ಪ್ರಶ್ನೆಯ ಬೇರೆ ಪಟ್ಟಿ ಉಂಟು, ಎಡಿನ್‌ಬರೋದು. ಆದರೆ ಕೇಳುವುದು ಸುಲಭ, ಕೇಳಿದ ಮೇಲೆ ಅವರು ಅಳಲಿಕ್ಕೆ ಶುರು ಮಾಡಿದರೆ ಎಂತ ಮಾಡುವುದು ಅಂತ ಮೊದಲು ಕಲಿಸಬೇಕಲ್ಲ. ಮತ್ತೆ ದಯವಿಟ್ಟು ಇದನ್ನೂ ಆಶಾಗಳ ತಲೆಗೆ ಕಟ್ಟುವ ಐಡಿಯಾ ಯಾರೂ ಕೊಡಬೇಡಿ. ಗರ್ಭಿಣಿ, ಲಸಿಕೆ, ಡೆಂಗಿ, ಸರ್ವೆ, ಎಲ್ಲಕ್ಕೂ ನಾವೇ.

ಮಣಿಪಾಲದಲ್ಲಿ ಮಳೆ

ಆಶಾ ಅಕ್ಕ, ಮಾತು ನೂರಕ್ಕೆ ನೂರು ಒಪ್ಪಿದೆ. ಆದರೆ ಓದಿದವರಿಂದಲೇ ಆಗಬೇಕು ಅಂತ ಕೂತರೆ ಈ ಜನ್ಮದಲ್ಲಿ ಆಗುವುದಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಕಾಯಿಲೆಗೆ ತಕ್ಕ ಹಾಗೆ 70ರಿಂದ 92 ಶೇಕಡಾ ಜನ ಚಿಕಿತ್ಸೆಯೇ ಇಲ್ಲದೆ ಇದ್ದಾರೆ. ಅದಕ್ಕೆ ಪಕ್ಕದ ಗೋವಾದ ಉದಾಹರಣೆ ಹೇಳಲೇಬೇಕು.

ಅಲ್ಲಿ ಸಂಗಾತ್ ಎಂಬ ಸಂಸ್ಥೆ ಮನಶ್ಶಾಸ್ತ್ರ ಓದದ ಸ್ಥಳೀಯರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆ ಮಾತಿನ ಚಿಕಿತ್ಸೆ ಮಾಡಿಸಿತು. ಆರರಿಂದ ಎಂಟು ಭೇಟಿ, ವಾರಕ್ಕೊಂದು, ಬೇಕಾದರೆ ಮನೆಯಲ್ಲೇ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಮೂರು ತಿಂಗಳಿಗೆ ಈ ಚಿಕಿತ್ಸೆ ಸಿಕ್ಕವರಲ್ಲಿ 64 ಶೇಕಡಾ ಜನ ಖಿನ್ನತೆಯಿಂದ ಹೊರಬಂದಿದ್ದರು, ಸಿಗದವರಲ್ಲಿ 39. ಅದೇ ವರ್ಷ ಕುಡಿತದ ಗಂಡಸರಿಗೆ ಅಂಥದ್ದೇ ಚಿಕಿತ್ಸೆಯ ಫಲಿತಾಂಶವೂ ಬಂತು. ಪಾಕಿಸ್ತಾನದ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಬಾಣಂತಿಯರ ಖಿನ್ನತೆಗೆ ಮಾಡಿದ್ದು, ಜಿಂಬಾಬ್ವೆಯಲ್ಲಿ ಆಸ್ಪತ್ರೆ ಅಂಗಳದ ಬೆಂಚಿನ ಮೇಲೆ ಅಜ್ಜಿಯಂದಿರು ಮಾಡುವುದು, ಎಲ್ಲ ಇದೇ ದಾರಿ.

ಹಾಗಾದರೆ ಒಳಗೆ ನಡೆಯುವುದು ಎಂತ? ಬುದ್ಧಿವಾದ ಅಲ್ಲ. ಖಿನ್ನತೆಯಲ್ಲಿ ಮನುಷ್ಯ ಒಂದೊಂದೇ ಕೆಲಸ ಬಿಡುತ್ತಾ ಹೋಗುತ್ತಾನೆ. ಬಿಟ್ಟಷ್ಟೂ ಮನಸ್ಸು ಕುಗ್ಗುತ್ತದೆ, ಕುಗ್ಗಿದಷ್ಟೂ ಬಿಡುತ್ತಾನೆ. ‘ಮನಸ್ಸು ಸರಿಯಾದ ಮೇಲೆ ಹೋಗುತ್ತೇನೆ’ ಅಂತ ಕಾದರೆ ಅದು ಆಗುವುದಿಲ್ಲ. ಅದಕ್ಕೆ ತಿರುಗಿಸಿ ಶುರುಮಾಡುತ್ತಾರೆ. ಈ ವಾರ ನೀವು ಯಾವ ಹೊತ್ತಿಗೆ ಏನು ಮಾಡಿದಿರಿ, ಆಗ ಮನಸ್ಸು ಹೇಗಿತ್ತು ಅಂತ ಒಟ್ಟಿಗೆ ಬರೆಯುತ್ತಾರೆ. ಮುಂದಿನ ವಾರಕ್ಕೆ ಒಂದೇ ಒಂದು ಸಣ್ಣ ಕೆಲಸ ಆಯ್ದುಕೊಳ್ಳುತ್ತಾರೆ. ಬಂದರಿಗೆ ಹೋಗುವುದಲ್ಲ, ಬೆಳಿಗ್ಗೆ ಎದ್ದು ತಲೆ ಬಾಚಿ ನೆರೆಮನೆಯವಳ ಜೊತೆ ಚಹಾ ಕುಡಿಯುವುದು, ಅಷ್ಟೆ. ಆಗದಿದ್ದರೆ ಬೈಗುಳ ಇಲ್ಲ, ಯಾಕೆ ಆಗಲಿಲ್ಲ ಅಂತ ಕೂತು ನೋಡುವುದು. ಕೇಳಿದರೆ ಇಷ್ಟೇನಾ ಅನಿಸುತ್ತದೆ. ಪ್ರತಿ ವಾರ ಬಂದು ಅದನ್ನೇ ಹಿಡಿದು ಕೂರುವವರು ಸಿಗುವುದೇ ಕಷ್ಟ.

ಇದೆಲ್ಲ ನಿಂತಿರುವುದು ಮೇಲ್ವಿಚಾರಣೆಯ ಮೇಲೆ. ಗೋವಾದ ಆ ಕಾರ್ಯಕರ್ತರು ತಮ್ಮ ಭೇಟಿಗಳ ಧ್ವನಿಮುದ್ರಣ ಒಟ್ಟಿಗೆ ಕೇಳಿ ಒಬ್ಬರನ್ನೊಬ್ಬರು ತಿದ್ದುತ್ತಿದ್ದರು, ಮೇಲೆ ತಜ್ಞರಿದ್ದರು. ಎರಡು ದಿನದ ಕಾರ್ಯಾಗಾರದಲ್ಲಿ ಸರ್ಟಿಫಿಕೇಟು ಹಂಚಿ ಮನೆಮನೆಗೆ ಬಿಟ್ಟರೆ ಸಭಾಭವನದ ಭಾಷಣವೇ ಮನೆಯೊಳಗೆ ಬಂದ ಹಾಗೆ.

ಕಂಕನಾಡಿ ಟೀಚರ್

ಲ್ಯಾನ್ಸೆಟ್ ಎಲ್ಲ ಸರಿ. ಒಂದು ಪ್ರಾಯೋಗಿಕ ಪ್ರಶ್ನೆ. ನಮ್ಮ ಊರುಗಳಲ್ಲಿ ಒಬ್ಬಳಿಗೆ ಹೇಳಿದ್ದು ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಗುಂಪಿನ ಹೆಂಗಸಿಗೆ ಅವಳು ಅತ್ತೆಯ ವಿಷಯ, ಸಾಲದ ವಿಷಯ, ಇನ್ನೂ ಒಳಗಿನದ್ದು ಹೇಳುತ್ತಾಳಾ? ಸಾಲ ಕೊಟ್ಟ ಗುಂಪಿಗೇ? ನಾನಾದರೆ ಹೇಳುವುದಿಲ್ಲ. ನನ್ನ ಪರಿಚಯದ ಒಬ್ಬರು ಊರಿನ ಕೌನ್ಸೆಲರ್ ಹತ್ತಿರ ಹೋಗದೆ ಬಸ್ಸು ಹತ್ತಿ ಬೇರೆ ತಾಲೂಕಿಗೆ ಹೋಗುತ್ತಿದ್ದರು, ಯಾರೂ ನೋಡಬಾರದೆಂದು. ಬಡವರಿಗೆ ಕಲಿಯದವರ ಚಿಕಿತ್ಸೆ, ಉಳ್ಳವರಿಗೆ ತಜ್ಞರ ಚಿಕಿತ್ಸೆ ಅಂತಲೂ ಆಗಬಾರದು.

ಭಾಷೆಯದ್ದೂ ಇದೆ. ಮನೆಯಲ್ಲಿ ತುಳು ಅಥವಾ ಕೊಂಕಣಿ ಅಥವಾ ಬ್ಯಾರಿ ಮಾತಾಡುವವರನ್ನು ಇಂಗ್ಲಿಷ್ ಬೆರೆಸಿದ ಕನ್ನಡದಲ್ಲಿ ‘ನಿಮ್ಮ ಭಾವನೆಗಳೇನು’ ಅಂತ ಕೇಳಿದರೆ ಅವರು ‘ಒಳ್ಳೆಯದಿದೆ’ ಅಂತ ಹೇಳಿ ಎದ್ದುಬರುತ್ತಾರೆ.

ಮಣಿಪಾಲದಲ್ಲಿ ಮಳೆ

ಟೀಚರ್, ಗೌಪ್ಯದ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಕಾನೂನಿನಲ್ಲಿ ಉಂಟು, 2017ರ ಮಾನಸಿಕ ಆರೋಗ್ಯ ಕಾಯ್ದೆ ಗೌಪ್ಯತೆಯನ್ನು ರೋಗಿಯ ಹಕ್ಕು ಅಂತಲೇ ಹೇಳುತ್ತದೆ. ಊರಿನ ಬಾಯಿ ಕಾಯ್ದೆ ಓದುವುದಿಲ್ಲ. ಒಂದು ಊರಿನವರು ಪಕ್ಕದ ಊರಿಗೆ ಹೋಗುವ ಹಾಗೆ ಅದಲುಬದಲು ಮಾಡಬಹುದು. ಭಾಷೆಯ ವಿಷಯದಲ್ಲಿ ಮಾತ್ರ ತುಳು ಮಾತಾಡುವ ಮೀನುಗಾರ ಹೆಂಗಸೇ ನನಗಿಂತ ವಾಸಿ.

ಕೊಕ್ಕಡದ ಮನೆ

ಇಷ್ಟು ಹೊತ್ತು ಓದುತ್ತಾ ಇದ್ದೆ. ನಮ್ಮದು ಬೇರೆ ಕಥೆ. ಗೇರು ತೋಪಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿಡುತ್ತಿದ್ದ ಕಾಲದ ಮಗ ನನ್ನ ತಮ್ಮನದ್ದು. ಔಷಧ ನಿಷೇಧ ಆಗಿದ್ದು 2011ರಲ್ಲಿ, ಅವನು ಅದಕ್ಕೆ ಎಷ್ಟೋ ಮುಂಚೆ ಹುಟ್ಟಿದವ. ನಡೆಯುವುದಿಲ್ಲ, ಮಾತಿಲ್ಲ. ಈಗ ಅವನು ಗಂಡಸಿನಷ್ಟು ತೂಕ, ಅತ್ತಿಗೆ ಬಗ್ಗಿ ಎತ್ತಿ ಎತ್ತಿ ಸೊಂಟ ಹೋಗಿದೆ.

ಅವಳಿಗೂ ಒಬ್ಬರು ಕೌನ್ಸೆಲಿಂಗ್ ಮಾಡಲಿಕ್ಕೆ ಬಂದಿದ್ದರು. ‘ನಿಮಗೋಸ್ಕರ ಸ್ವಲ್ಪ ಸಮಯ ಇಟ್ಟುಕೊಳ್ಳಿ’ ಅಂದರು. ಅತ್ತಿಗೆ ಕೇಳಿದಳು, ‘ಆ ಸಮಯದಲ್ಲಿ ಇವನನ್ನು ನೀವು ನೋಡಿಕೊಳ್ಳುತ್ತೀರಾ?’ ಅಷ್ಟಕ್ಕೆ ಮುಗಿಯಿತು. ನಮ್ಮ ಕಡೆ ಪಾಲನಾ ಕೇಂದ್ರ ಅಂತ ಆದ ಮೇಲೆ ಅಂಥ ಮಕ್ಕಳನ್ನು ಹಗಲು ಅಲ್ಲಿ ಬಿಡಬಹುದು. ತಾಯಂದಿರು ಅಲ್ಲೇ ಸಿಗುತ್ತಾರೆ, ಮಾತಾಡುತ್ತಾರೆ, ಕೆಲವೊಮ್ಮೆ ನಗುತ್ತಾರೆ ಕೂಡ. ‘ನಾನು ಸತ್ತ ಮೇಲೆ ಇವನ ಗತಿ?’ ಅನ್ನುವ ಮಾತನ್ನು ಮನೆಯಲ್ಲಿ ಎತ್ತಿದರೆ ಎಲ್ಲರೂ ಬಾಯಿ ಮುಚ್ಚಿಸುತ್ತಾರೆ. ಅಲ್ಲಿ ಎಲ್ಲರಿಗೂ ಅದೇ ಚಿಂತೆ, ಹಾಗಾಗಿ ಆಡಬಹುದು. ಥೆರಪಿ ಅಂತ ಹೆಸರಿಡಿ, ಬಿಡಿ. ಮೊದಲು ಮಗುವನ್ನು ಕೈಯಿಂದ ಇಳಿಸಿಕೊಳ್ಳಿ, ಆಮೇಲೆ ಕೇಳಿ ಅವಳಿಗೆ ಹೇಗಿದೆ ಅಂತ.

ನಿವೃತ್ತ ಬ್ಯಾಂಕು (ಕದ್ರಿ)

ಕೊಕ್ಕಡದವರ ಮಾತಿಗೆ ನನ್ನದೂ ಒಂದು ಸಹಿ. ಹೆಂಡತಿಗೆ ಮರೆವಿನ ಕಾಯಿಲೆ, ಮಕ್ಕಳು ಹೊರದೇಶದಲ್ಲಿ. ಎದುರಿಗೇ ಇದ್ದಾಳೆ, ಆದರೆ ನಾನು ಯಾರೆಂದು ಕೇಳುತ್ತಾಳೆ. ಮಣಿಪಾಲದವರು ಹೇಳಿದ ‘ಅನಿಶ್ಚಿತ ನಷ್ಟ’ ಇದಕ್ಕೂ ಅನ್ವಯಿಸುತ್ತದೆಯೇ?

ಮಣಿಪಾಲದಲ್ಲಿ ಮಳೆ

ಹೌದು ಸರ್. ಬಾಸ್ ಎರಡು ಬಗೆ ಹೇಳುತ್ತಾರೆ: ದೇಹ ಇಲ್ಲದೆ ಮನಸ್ಸಿನಲ್ಲಿ ಇರುವವರು, ದೇಹ ಇದ್ದೂ ಮನಸ್ಸು ದೂರ ಹೋದವರು. ನಿಮ್ಮದು ಎರಡನೆಯದು. ಮರೆವು ಇನ್ನೂ ತೀವ್ರ ಆಗಿಲ್ಲದಿದ್ದರೆ ಅವರಿಗೆ ಕಾಗ್ನಿಟಿವ್ ಸ್ಟಿಮ್ಯುಲೇಶನ್ ಎಂಬ ಚಿಕಿತ್ಸೆ ಕೇಳಿ ನೋಡಿ. ಸಣ್ಣ ಗುಂಪಿನಲ್ಲಿ 14 ಸಲ, ಹಳೆಯ ಹಾಡು, ಅಡುಗೆ, ಫೋಟೋ, ಸುದ್ದಿ ಹಿಡಿದು ಮಾತಾಡಿಸುವುದು. ಕಾಯಿಲೆ ಹೋಗುವುದಿಲ್ಲ, ನೆನಪು ಮತ್ತು ಲವಲವಿಕೆಗೆ ಸ್ವಲ್ಪ ಸಹಾಯ. ನಿಮ್ಮ ನಿದ್ರೆ, ನಿಮ್ಮ ಬಿಪಿ ಯಾರು ನೋಡುತ್ತಿದ್ದಾರೆ ಅಂತಲೂ ವೈದ್ಯರು ಕೇಳಬೇಕು. ಕೇಳದಿದ್ದರೆ ನೀವೇ ಹೇಳಿ.

ಕೋಡಿಯ ಅಕ್ಕ

ಒಂದು ವಿಷಯ ಇಲ್ಲಿ ಬರೆಯಬೇಕಾ ಬೇಡವಾ ಅಂತ ಯೋಚಿಸಿದೆ. ಇವತ್ತು ಅವಳ ಮನೆಗೆ ಹೋಗಿದ್ದೆ. ‘ಕಡಲು ಅವರನ್ನು ಇಟ್ಟುಕೊಂಡಿದೆ, ನಾನೂ ಅಲ್ಲಿಗೇ ಹೋದರೆ ಆಯಿತಲ್ಲ’ ಅಂದಳು. ನಾನು ಹೆದರಿ ಮಾತು ಬದಲಿಸಿದೆ. ಕೇಳಿದರೆ ಆ ಯೋಚನೆ ಇನ್ನೂ ಗಟ್ಟಿ ಆಗುತ್ತದಲ್ಲ?

ಮಣಿಪಾಲದಲ್ಲಿ ಮಳೆ

ಆಗುವುದಿಲ್ಲ. ನೇರ ಕೇಳಿ: ‘ಸಾಯಬೇಕು ಅಂತ ಅನಿಸುತ್ತಾ ಇದೆಯಾ? ಹೇಗೆ ಅಂತ ಯೋಚಿಸಿದ್ದೀಯಾ?’ ಹಾಗೆ ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ, ಹೆಚ್ಚಿನವರಿಗೆ ಹೇಳಿಕೊಂಡು ಹಗುರ ಆಗುತ್ತದೆ. ಈಗಲೇ ಮಾಡಬೇಕಾದದ್ದು: ಇವತ್ತು ರಾತ್ರಿ ಅವರನ್ನು ಒಬ್ಬರೇ ಬಿಡಬೇಡಿ. ಆ ನಿದ್ರೆ ಮಾತ್ರೆಯ ಪಟ್ಟಿ ಬೇರೆಯವರ ಕೈಯಲ್ಲಿರಲಿ, ದಿನಕ್ಕೆ ಬೇಕಾದಷ್ಟೇ ಕೊಡಿ. ಅವರ ಪಕ್ಕದಲ್ಲೇ ಕೂತು 14416ಕ್ಕೆ ಫೋನ್ ಮಾಡಿ, ಸ್ಪೀಕರಿನಲ್ಲಿಟ್ಟು ಮಾತಾಡಿಸಿ. ಹೇಗೆ, ಯಾವಾಗ ಅಂತ ಯೋಜನೆ ಇದೆ ಅಂತ ಹೇಳಿದರೆ ನಾಳೆಗೆ ಕಾಯಬೇಡಿ, ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

ಸ್ವಲ್ಪ ಸಮಾಧಾನ ಆದ ಮೇಲೆ ಒಂದು ಕಾಗದದಲ್ಲಿ ಅವರ ಬಾಯಿಂದಲೇ ಕೇಳಿ ಬರೆಯಿರಿ: ಆ ಯೋಚನೆ ಬರುವ ಮೊದಲು ಏನಾಗುತ್ತದೆ, ಆಗ ತಾನೇ ಮಾಡಬಹುದಾದದ್ದು ಏನು, ಯಾರ ಮನೆಗೆ ಹೋಗಬಹುದು, ಯಾರಿಗೆ ಫೋನ್, ಯಾವ ಆಸ್ಪತ್ರೆ. ಸುರಕ್ಷತಾ ಯೋಜನೆ ಅಂತ ಇದಕ್ಕೆ. ಅಡುಗೆಮನೆ ಗೋಡೆಗೆ ಅಂಟಿಸಬೇಡಿ, ಅವರ ಪರ್ಸಿನಲ್ಲಿರಲಿ.

ಗುಮಾಸ್ತ

ಒಂದು ಸೇರಿಸುತ್ತೇನೆ. ಪೊಲೀಸು ಕೇಸು ಆಗುತ್ತದೆ ಅಂತ ಆಸ್ಪತ್ರೆಗೆ ಹೋಗಲಿಕ್ಕೆ ಹೆದರುವವರು ಬಹಳ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷೆ ಇಲ್ಲ. 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಸೆಕ್ಷನ್ ಅನ್ನೇ ಕೈಬಿಟ್ಟಿದ್ದಾರೆ.

ತುಳುನಾಡ ಮಣ್ಣು

ಎಲ್ಲರೂ ಆಸ್ಪತ್ರೆ ಆಸ್ಪತ್ರೆ ಅಂತೀರಿ. ದೈವದ ಎದುರು ಒಂದು ಸಲ ಕೇಳಿಸಿದರೆ ಅವಳಿಗೆ ಧೈರ್ಯ ಬರುತ್ತಿತ್ತು.

ಬೈಂದೂರಿನ ಆಶಾ

ಕೇಳಿಸಲಿ, ಯಾರು ಬೇಡ ಅಂತಾರೆ? ನಾನೂ ಕೋಲಕ್ಕೆ ಹೋಗುವವಳೇ. ನಂಬಿದ ದೈವ ‘ನಾನಿದ್ದೇನೆ’ ಅಂದರೆ ಧೈರ್ಯ ಬರುತ್ತದೆ. ಆದರೆ ನುಡಿ ಆಯಿತು ಅಂತ ಡಾಕ್ಟರ ಮಾತ್ರೆ ನಿಲ್ಲಿಸುವುದು, ಮಂತ್ರವಾದಿಯ ಹತ್ತಿರ ಸಾವಿರಾರು ಸುರಿಯುವುದು, ಕಟ್ಟಿಹಾಕುವುದು ಇದೆಯಲ್ಲ, ಅದಕ್ಕೆ ನನ್ನ ವಿರೋಧ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸಂಕೋಲೆಯಲ್ಲಿದ್ದವರು ಓಡಲಿಕ್ಕಾಗದೆ ಸತ್ತರು, 28 ಜನ. ಈಗ ಕಾಯ್ದೆಯಲ್ಲಿ ಸಂಕೋಲೆ ಹಾಕುವುದೇ ನಿಷಿದ್ಧ.

ಕೋಡಿಯ ಅಕ್ಕ

ರಾತ್ರಿ ನಾನು ಅಲ್ಲೇ ಇದ್ದೆ. ನೇರವಾಗಿಯೇ ಕೇಳಿದೆ. ಯೋಚನೆ ಇತ್ತು, ಯೋಜನೆ ಇರಲಿಲ್ಲ ಅಂದಳು. ಫೋನಿನಲ್ಲಿ ಮಾತಾಡಿದಳು, ಅತ್ತದ್ದೇ ಹೆಚ್ಚು. ಮಾತ್ರೆಗಳು ಈಗ ಅತ್ತೆಯ ಕೈಯಲ್ಲಿವೆ. ಅತ್ತೆ ‘ನಾನು ಕೊಡುತ್ತೇನೆ’ ಅಂತ ತಾನಾಗಿ ಕೈ ಚಾಚಿದರು. ಬೊಜ್ಜದ ವಿಷಯ ಯಾರೂ ಎತ್ತಲಿಲ್ಲ, ಸದ್ಯಕ್ಕೆ ಹಾಗೇ ಇರಲಿ.

ಮಂಗಳವಾರ ಕರೆದುಕೊಂಡು ಹೋಗುತ್ತೇನೆ. ಇನ್ನು ಗುಂಪಿನ ನಾಲ್ಕು ಜನಕ್ಕೆ ಸರಿಯಾದ ತರಬೇತಿ ಬೇಕು ಅಂದರೆ ಯಾರನ್ನು ಕೇಳುವುದು?

ಮಣಿಪಾಲದಲ್ಲಿ ಮಳೆ

ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಸಾಮಾಜಿಕ ಕಾರ್ಯಕರ್ತರು ಇರುತ್ತಾರೆ, ಅವರನ್ನೇ ಮೊದಲು ಕೇಳಿ. ಸಮಾಜಕಾರ್ಯ ಕಲಿಸುವ ಕಾಲೇಜುಗಳೂ ಮಂಗಳೂರಲ್ಲಿವೆ, ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯ ಬೇಕಿರುತ್ತದೆ. ಯಾರೇ ಬರಲಿ, ಒಂದು ಶರತ್ತು ಹಾಕಿ: ತರಬೇತಿ ಮುಗಿದ ಮೇಲೆ ಪ್ರತಿ ವಾರ ನಮ್ಮ ಜೊತೆ ಕೂತು ಕೇಸು ಕೇಳುವವರು ಯಾರು, ಎಷ್ಟು ಕಾಲ ಅಂತ. ಅದಕ್ಕೆ ಉತ್ತರ ಇಲ್ಲದವರಿಗೆ ಚಹಾ ಕೊಟ್ಟು ಕಳಿಸಿ.

ಬಿಜೈ ರೂಟ್ ಬಸ್

ಫೋಟೋ ತೆಗೆಯಬಾರದು ಅಂತಲೂ ಸೇರಿಸಿ.

ಬೈಂದೂರಿನ ಆಶಾ

ಅಕ್ಕ, ಮಂಗಳವಾರ ಹೋಗುವ ಮೊದಲು ಆಸ್ಪತ್ರೆಗೆ ಒಂದು ಫೋನ್ ಮಾಡಿ ಡಾಕ್ಟರು ಬರುತ್ತಾರಾ ಕೇಳಿ. ಹಬ್ಬದ ರಜೆ ಬಂದರೆ ದಿನ ಬದಲಾಗುತ್ತದೆ. ಹಳೆಯ ಚೀಟಿ, ಮಾತ್ರೆಯ ಖಾಲಿ ಪಟ್ಟಿ, ಆಧಾರ್ ಕಾರ್ಡು ಮೂರೂ ಇರಲಿ. ಹತ್ತು ಗಂಟೆಯೊಳಗೆ ಮುಟ್ಟಿ, ಆಮೇಲೆ ಸಾಲು ಉದ್ದ ಆಗುತ್ತದೆ.